ಎತ್ತರದ ಹುಳಿ ಜೇಡಿಗೆ ಮೊದಲು ಬಸಿಗಾಲುವೆ, ಆಮೇಲೆ ಸುಣ್ಣ

ಮಲೆನಾಡಿನ ಮಕ್ಕಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಭತ್ತಕ್ಕೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿಗೂ ಹುಟ್ಟುವಳಿಗೂ ತಾಳೆಯಾಗುವುದಿಲ್ಲ ಎಂಬ ರೈತರ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದುದರಿಂದ ಗದ್ದೆಯನ್ನು ತೋಟ ಮಾಡಲೇಬೇಡಿ ಎಂದು ಉಪದೇಶಿಸಲು ನಾನು ಇಲ್ಲಿ ಹೊರಟಿಲ್ಲ. ಆದರೆ ತೋಟ ಮಾಡುವ ಕ್ರಮದಲ್ಲಿ ಒಂದು ತಲೆಕೆಳಗಾದ ಪದ್ಧತಿ ಬೇರೂರುತ್ತಿದೆ. ಮಣ್ಣು ಹುಳಿಯಾಗಿದೆ ಎಂದು ಪರೀಕ್ಷೆಯ ಚೀಟಿ ಹೇಳಿದೊಡನೆ ಸುಣ್ಣದ ಮೂಟೆ ಮನೆಗೆ ಬರುತ್ತದೆ. ನೀರು ಎಲ್ಲಿಗೆ ಹೋಗಬೇಕು ಎಂಬ ಯೋಚನೆ ಮಾತ್ರ ಸಸಿಗಳು ಹಳದಿ ತಿರುಗಿದ ಮೇಲೆ ಬರುತ್ತದೆ. ಅಷ್ಟರಲ್ಲಿ ಸಸಿ, ಗುಂಡಿ, ಗೊಬ್ಬರ, ಕೂಲಿ ಎಲ್ಲಕ್ಕೂ ದುಡ್ಡು ಹೋಗಿರುತ್ತದೆ. ಅಡಿಕೆಯಂಥ ಬೆಳೆಯಲ್ಲಿ ಅದಕ್ಕಿಂತ ಬೆಲೆಯುಳ್ಳ ಐದಾರು ವರ್ಷಗಳೂ ಹೋಗಿರುತ್ತವೆ.

ಎತ್ತರದ ಜಮೀನಿನಲ್ಲಿ ನೀರು ನಿಲ್ಲುವುದಿಲ್ಲ ಎಂಬ ನಂಬಿಕೆಯೇ ಈ ತಪ್ಪಿಗೆ ಮೂಲ. ಬಯಲಿನ ತಗ್ಗು ಗದ್ದೆ ಕೆಸರಾಗುವುದು ಎಲ್ಲರಿಗೂ ತಿಳಿದ ವಿಷಯ. ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿರುವ ಮಕ್ಕಿ ಗದ್ದೆಯಲ್ಲಿ ನೀರು ನಿಲ್ಲುವುದೆಂದರೆ ಹಲವರು ಒಪ್ಪುವುದಿಲ್ಲ. ಮೇಲ್ಮೈ ನೀರು ಹರಿದು ಹೋಗುವುದು ಬೇರೆ, ಮಣ್ಣಿನ ಒಳಗಿನ ನೀರು ಬಸಿಯುವುದು ಬೇರೆ. ಮೊದಲನೆಯದು ಇಳಿಜಾರನ್ನು ಅವಲಂಬಿಸಿದೆ. ಎರಡನೆಯದು ಮಣ್ಣಿನ ಕಣಗಳ ಗಾತ್ರವನ್ನೂ, ಅವುಗಳ ನಡುವಿನ ರಂಧ್ರಗಳನ್ನೂ, ಕೆಳಗಿರುವ ಪದರವನ್ನೂ ಅವಲಂಬಿಸಿದೆ.

ಜೇಡಿಯ ಕಣವು ಮಿಲಿಮೀಟರಿನ 500ರಲ್ಲಿ 1 ಭಾಗಕ್ಕಿಂತಲೂ ಚಿಕ್ಕದು. ಇಂತಹ ಕಣಗಳ ನಡುವೆ ರಂಧ್ರಗಳು ಅಸಂಖ್ಯವಾಗಿದ್ದರೂ ಅವು ಎಷ್ಟು ಕಿರಿದೆಂದರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆಯೇ ಹೊರತು ಕೆಳಕ್ಕೆ ಬಿಡುವುದಿಲ್ಲ. ಮಕ್ಕಿ ಗದ್ದೆಗೆ ಇನ್ನೂ ಒಂದು ಭಾರವಿದೆ. ತಲೆಮಾರುಗಳಿಂದ ಕೆಸರು ಮಾಡಿ, ಎತ್ತು ತುಳಿದು, ಕೊರಡು ಎಳೆದು ಸುಮಾರು ಅರ್ಧ ಅಡಿಯಿಂದ ಮುಕ್ಕಾಲು ಅಡಿ ಆಳದಲ್ಲಿ ಒಂದು ಗಟ್ಟಿ ಪದರ ಕಟ್ಟಿಕೊಂಡಿರುತ್ತದೆ. ನೀರು ನಿಲ್ಲಲಿ ಎಂದೇ ನಮ್ಮ ಹಿರಿಯರು ಅದನ್ನು ಕಟ್ಟಿದರು. ಭತ್ತಕ್ಕೆ ಅದು ವರವಾಗಿತ್ತು. ಅದೇ ಪದರದ ಮೇಲೆ ಅಡಿಕೆ ನೆಟ್ಟಾಗ ಮಳೆಯ ನೀರು ಕೆಳಗಿನ ಅಂತರ್ಜಲವನ್ನು ಸೇರದೆ, ಬೇರಿನ ಸುತ್ತಲೇ ತೂಗುಕೆರೆಯಂತೆ ನಿಲ್ಲುತ್ತದೆ. ಬಾವಿಯಲ್ಲಿ ನೀರು 30 ಅಡಿ ಕೆಳಗಿರಬಹುದು. ಗಿಡದ ಬೇರು ಮಾತ್ರ ನೀರಿನಲ್ಲಿ ಮುಳುಗಿರುತ್ತದೆ.

ಕರಾವಳಿಯ ಕಡೆಯಲ್ಲೂ ಘಟ್ಟದ ಅಂಚಿನಲ್ಲೂ ಜಂಬಿಟ್ಟಿಗೆಯ ಕೆಳಗೆ ಶೇಡಿ ಮಣ್ಣು ಸಿಗುತ್ತದೆ. ಬಾವಿ ತೋಡಿದವರಿಗೆ ಅದರ ಗುಣ ಚೆನ್ನಾಗಿ ಗೊತ್ತು. ಮೇಲಿನ ಜಂಬಿಟ್ಟಿಗೆ ತೂತುಗಳಿಂದ ಕೂಡಿದ್ದು ನೀರನ್ನು ಬಿಟ್ಟುಕೊಡುತ್ತದೆ, ಶೇಡಿ ತಡೆಯುತ್ತದೆ. ತಡೆದ ನೀರು ಅಡ್ಡಲಾಗಿ ಹರಿದು ಗುಡ್ಡದ ಮಗ್ಗುಲಲ್ಲಿ ಒರತೆಯಾಗಿ ಹೊರಬೀಳುತ್ತದೆ. ಅಂತಹ ಒರತೆಯ ಸಾಲಿನಲ್ಲಿ ಗದ್ದೆಯಿದ್ದರೆ, ಅದು ಗುಡ್ಡದ ಅರ್ಧ ಎತ್ತರದಲ್ಲಿದ್ದರೂ ಒಳಗೊಳಗೆ ಕೆಸರೇ.

ಇನ್ನು ಹುಳಿಯ ವಿಷಯ. ಆಗುಂಬೆಯಂತಹ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಕರಗಿಸಿಕೊಂಡು ಬರುವ ಮಳೆನೀರು ತಾನೇ ಸ್ವಲ್ಪ ಹುಳಿ. ಸಾವಿರಾರು ವರ್ಷಗಳ ಮಳೆ ಮಣ್ಣಿನಲ್ಲಿದ್ದ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್‌ಗಳನ್ನು ತೊಳೆದುಕೊಂಡು ಹೋಗಿದೆ. ಆ ಜಾಗವನ್ನು ಜಲಜನಕವೂ ಅಲ್ಯೂಮಿನಿಯಂ ಕೂಡ ಆಕ್ರಮಿಸಿವೆ. ರಸಸಾರ 5.5ಕ್ಕಿಂತ ಕೆಳಗಿಳಿದಾಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಹಾಳುಮಾಡತೊಡಗುತ್ತದೆ. ಬೇರು ಉದ್ದವಾಗದೆ ಮೊಂಡಾಗುತ್ತದೆ, ಕವಲು ಬೇರುಗಳು ಕಡಿಮೆಯಾಗುತ್ತವೆ. ನೀವು ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದುಕೊಂಡು ಗಿಡಕ್ಕೆ ಸಿಗದಂತೆ ಮಾಡುತ್ತವೆ. ರಸಸಾರದ ಅಳತೆಯಲ್ಲಿ 6ರಿಂದ 5ಕ್ಕೆ ಇಳಿದರೆ ಹುಳಿ 10 ಪಟ್ಟು ಹೆಚ್ಚಿದಂತೆ ಎಂಬುದನ್ನೂ ರೈತರು ನೆನಪಿನಲ್ಲಿಡತಕ್ಕದ್ದು. 5.4 ಮತ್ತು 4.9 ಚೀಟಿಯಲ್ಲಿ ಹತ್ತಿರದ ಅಂಕಿಗಳಂತೆ ಕಂಡರೂ ಬೇರಿಗೆ ಅವು ದೂರದ ಅಂಕಿಗಳು.

ಹಾಗಾದರೆ ಅದೇ ಗದ್ದೆಯಲ್ಲಿ ಸುಣ್ಣ ಕಾಣದೆ ಅಜ್ಜನ ಕಾಲದಿಂದ ಭತ್ತ ಬೆಳೆಯಿತಲ್ಲ, ಹೇಗೆ? ಇದು ಬಹಳ ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಕೀಲಿಯೇ ಇಲ್ಲಿದೆ. ಹುಳಿ ಮಣ್ಣಿನ ಮೇಲೆ ನೀರು ನಿಂತಾಗ ಗಾಳಿ ಒಳಗೆ ಹೋಗುವುದಿಲ್ಲ. ಆಗ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕಕ್ಕಾಗಿ ಕಬ್ಬಿಣದ ತುಕ್ಕನ್ನು ಒಡೆಯುತ್ತವೆ. ಈ ಕ್ರಿಯೆಯಲ್ಲಿ ಹುಳಿ ಖರ್ಚಾಗುತ್ತದೆ. ಕೆಲವೇ ವಾರಗಳಲ್ಲಿ ರಸಸಾರ 6.5ರ ಆಸುಪಾಸಿಗೆ ಏರಬಹುದು, ಕಬ್ಬಿಣ ಹಿಡಿದಿಟ್ಟಿದ್ದ ರಂಜಕವೂ ಸ್ವಲ್ಪಮಟ್ಟಿಗೆ ಬಿಡುಗಡೆಯಾಗುತ್ತದೆ. ನೀರೇ ಭತ್ತಕ್ಕೆ ಸುಣ್ಣದ ಕೆಲಸ ಮಾಡುತ್ತಿತ್ತು. ನೀರನ್ನು ಬಿಟ್ಟ ಮೇಲೆ ಮಣ್ಣು ಒಣಗಿ ಗಾಳಿಯಾಡಿದಾಗ ಕಬ್ಬಿಣ ಪುನಃ ತುಕ್ಕಾಗುತ್ತದೆ, ಹುಳಿ ಮರಳಿ ಬರುತ್ತದೆ. ಗದ್ದೆಯಾಗಿದ್ದಾಗ ಅಡಗಿದ್ದ ದೋಷ ತೋಟವಾದಾಗ ಹೊರಬೀಳುವುದು ಹೀಗೆ.

ಭತ್ತದ ಗದ್ದೆ ತೋಟವಾದ ಹೊಸದರಲ್ಲಿ ಮಣ್ಣಿನ ಗುಣ ಹೀಗೆ ತೂಗಾಡುತ್ತಿರುತ್ತದೆ. ಮಳೆಗಾಲದಲ್ಲಿ ಬೇರಿಗೆ ಉಸಿರಿಲ್ಲ, ಬೇಸಿಗೆಯಲ್ಲಿ ಹುಳಿಯ ಕಾಟ. ನೀರು ನಿಂತ ಜೇಡಿಗೆ ಸುಣ್ಣ ಹಾಕಿದರೆ ಇವೆರಡರಲ್ಲಿ ಒಂದಕ್ಕೆ ಅರ್ಧ ಮದ್ದು ಕೊಟ್ಟಂತಾಯಿತು. ಉಸಿರುಗಟ್ಟಿದ ಬೇರಿಗೆ ಸುಣ್ಣದಿಂದ ಉಸಿರು ಬರುವುದಿಲ್ಲ. ಬಸಿಗಾಲುವೆ ಮಾಡಿ ಮಣ್ಣು ಗಾಳಿಯಾಡಿದ ಮೇಲೆ ಅದರ ನಿಜವಾದ ಹುಳಿ ಎಷ್ಟೆಂದು ತಿಳಿಯುತ್ತದೆ. ಸುಣ್ಣದ ಲೆಕ್ಕವನ್ನು ಆಗ ಹಾಕಬೇಕು.

ಕೆಲವು ವಿದ್ಯಾವಂತ ರೈತರು ಬ್ರೆಜಿಲ್ ದೇಶದ ಉದಾಹರಣೆ ಕೊಡುವುದುಂಟು. ಅಲ್ಲಿನ ಸೆರಾಡೊ ಎಂಬ ಎತ್ತರದ ಹುಲ್ಲುಗಾವಲು ಸೀಮೆ ನಮ್ಮಂತೆಯೇ ಕೆಂಪು ಹುಳಿ ಮಣ್ಣಿನದು. 1970ರ ದಶಕದಿಂದೀಚೆಗೆ ಅಲ್ಲಿ ಸುಣ್ಣವನ್ನೂ ರಂಜಕವನ್ನೂ ಧಾರಾಳವಾಗಿ ಹಾಕಿ ಸೋಯಾ, ಮುಸುಕಿನ ಜೋಳ ಬೆಳೆದು ಪ್ರಪಂಚವನ್ನೇ ಬೆರಗುಗೊಳಿಸಿದರು. ಮಾತು ನಿಜ. ಆದರೆ ಸೆರಾಡೊದ ಕೆಂಪು ಮಣ್ಣಿನ ಬಹುಭಾಗ ಆಳವಾದುದು. ಜೇಡಿಯ ಅಂಶ ಹೆಚ್ಚಿದ್ದರೂ ಕಣಗಳು ಸಣ್ಣ ಸಣ್ಣ ಉಂಡೆಗಳಾಗಿ ಕೂಡಿಕೊಂಡು ಮರಳಿನಂತೆ ನೀರು ಬಿಡುತ್ತವೆ. ಸ್ವಾಭಾವಿಕವಾಗಿ ಬಸಿಯುವ ಮಣ್ಣಿಗೆ ಸುಣ್ಣ ಹಾಕಿ ಅವರು ಗೆದ್ದರು. ನಮ್ಮ ಗುಡ್ಡದ ತಲೆಯ ಕೆಂಪು ಮಣ್ಣೂ ಬಹಳಷ್ಟು ಕಡೆ ಹಾಗೆಯೇ ಬಸಿಯುತ್ತದೆ. ಕೆಸರು ತುಳಿದ ಮಕ್ಕಿಯನ್ನು ಅದರ ಜೊತೆ ಸೇರಿಸಿ ಒಂದೇ ಶಿಫಾರಸು ಮಾಡುವುದು ಸರಿಯಲ್ಲ.

ಮಣ್ಣು ಬಸಿಯುವುದೋ ಇಲ್ಲವೋ ಎಂಬುದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಗುದ್ದಲಿ ಸಾಕು. 2ರಿಂದ 3 ಅಡಿ ಆಳದ ಗುಂಡಿ ತೆಗೆದು ಅದರ ಗೋಡೆಯನ್ನು ನೋಡಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ಕೆಂಪು ಅಥವಾ ಕಂದು ಬಣ್ಣವಿದ್ದರೆ ಮಣ್ಣು ಉಸಿರಾಡುತ್ತಿದೆ. ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆ, ಹಳೆಯ ಬೇರಿನ ದಾರಿಯಲ್ಲಿ ತುಕ್ಕಿನ ಗೆರೆ ಕಂಡರೆ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ನೀರು ನಿಲ್ಲುತ್ತದೆ ಎಂದೇ ಅರ್ಥ. ನೀಲಿ ಛಾಯೆಯ ಬೂದು ಮಣ್ಣು ಸಿಕ್ಕಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೇರೆ ಪರೀಕ್ಷೆಯೇ ಬೇಡ. ಗುಂಡಿಗೆ ನೀರು ತುಂಬಿ, ಅದು ಇಂಗಿದ ಮೇಲೆ ಮರುದಿನ ಪುನಃ ತುಂಬಿ ನೋಡುವುದು ಇನ್ನೊಂದು ವಿಧಾನ. ಎರಡನೆಯ ಸಲ ತುಂಬಿದ ನೀರು ಒಂದು ಹಗಲು ಒಂದು ರಾತ್ರಿ ಕಳೆದರೂ ಅಲ್ಲೇ ಇದ್ದರೆ ಅಲ್ಲಿ ಅಡಿಕೆಯ ಬೇರೂ ಹಾಗೆಯೇ ಕುಳಿತಿರಬೇಕಾಗುತ್ತದೆ. ಒರತೆಯ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆಯನ್ನು ನೀವು ನೋಡಿರಬಹುದು. ಕಡ್ಡಿಯಿಂದ ಕದಡಿದಾಗ ಅದು ಚೂರುಚೂರಾಗಿ ಒಡೆದರೆ ಎಣ್ಣೆಯಲ್ಲ, ಕಬ್ಬಿಣದ ಪೊರೆ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ ಹಾಗೂ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್ ಎಂದು 12 ಬಾಬುಗಳಿವೆ. ಉಪಯುಕ್ತ ಚೀಟಿ, ಅದನ್ನು ಕಡೆಗಣಿಸುವವರ ಪೈಕಿ ನಾನಲ್ಲ. ಆದರೆ ನೀರು ಬಸಿಯುವ ಗುಣಕ್ಕೆ ಅದರಲ್ಲಿ ಕಲಮು ಇಲ್ಲ. ಮೇಲಿನ ಅರ್ಧ ಅಡಿ ಮಣ್ಣಿನ ಮಾದರಿ ಕಳುಹಿಸಿದವರಿಗೆ 2 ಅಡಿ ಕೆಳಗಿನ ಬೂದು ಜೇಡಿಯ ಸುದ್ದಿ ಯಾವ ಯಂತ್ರವೂ ಕೊಡಲಾರದು. ವಿಸ್ತರಣಾ ಕಾರ್ಯಕರ್ತರೂ ನಾವು ವಿಜ್ಞಾನಿಗಳೂ ಚೀಟಿಯನ್ನು ಓದಿ ಸುಣ್ಣ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಗುಂಡಿ ನೋಡದೆ ತೋಟದ ಬೆಳೆಗೆ ಶಿಫಾರಸು ಬರೆಯಬಾರದೆಂದು ನನ್ನ ಸಹೋದ್ಯೋಗಿಗಳಲ್ಲಿ ವಾದಿಸುತ್ತಲೇ ಬಂದಿದ್ದೇನೆ.

ಬಸಿಗಾಲುವೆಯ ವಿಷಯದಲ್ಲಿ ಹಳೆಯ ತೋಟಿಗರಿಗೆ ಹೊಸದಾಗಿ ಕಲಿಸಬೇಕಾದುದು ಹೆಚ್ಚಿಲ್ಲ. ಸಾಗರ, ಸಿರಸಿ ಕಡೆಯ ಹಳೆಯ ತೋಟಗಳಲ್ಲಿ ಎರಡು ಸಾಲು ಮರಗಳಿಗೊಂದು ಕಾಲುವೆ ಇದ್ದೇ ಇರುತ್ತದೆ. ಹೊಸ ತೋಟಗಳಲ್ಲಿ ಇದಕ್ಕೆ ಜಾಗ ಹಾಳೆಂದು ನಾಲ್ಕು, ಆರು ಸಾಲಿಗೊಂದು ತೆಗೆಯುತ್ತಿದ್ದಾರೆ. ಜೇಡಿಯಲ್ಲಿ ನೀರು ಅಡ್ಡಲಾಗಿ ದೂರ ಸಾಗುವುದಿಲ್ಲವಾದ್ದರಿಂದ ಈ ಉಳಿತಾಯ ನಷ್ಟದ ಬಾಬು. ಎಲ್ಲಕ್ಕೂ ಮೊದಲು ಜಮೀನಿನ ಮೇಲಂಚಿನಲ್ಲಿ, ಧರೆಯ ಬುಡದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಒಂದು ತಡೆಗಾಲುವೆ ತೆಗೆಯಬೇಕು. ಗುಡ್ಡದಿಂದ ಒಳಗೊಳಗೆ ಬರುವ ನೀರನ್ನು ಅಲ್ಲೇ ಹಿಡಿದರೆ ತೋಟದೊಳಗಿನ ಅರ್ಧ ಕೆಲಸ ಮುಗಿದಂತೆ. ಸಾಲುಗಳ ನಡುವಿನ ಕಾಲುವೆಗಳ ತಳವು ಸಸಿಯ ಗುಂಡಿಯ ತಳಕ್ಕಿಂತ ಅರ್ಧದಿಂದ ಒಂದು ಅಡಿ ಕೆಳಗಿರಬೇಕು. ಈ ಒಂದು ನಿಯಮ ತಪ್ಪಿದಲ್ಲಿ ಗುಂಡಿಯೇ ಮಡಕೆಯಾಗುತ್ತದೆ. ಗಟ್ಟಿ ಜೇಡಿಯಲ್ಲಿ 3 ಅಡಿ ಗುಂಡಿ ತೆಗೆದು ಒಳ್ಳೆಯ ಮಣ್ಣು, ಗೊಬ್ಬರ ತುಂಬಿದರೆ ಸುತ್ತಲಿನ ನೀರೆಲ್ಲ ಆ ಸಡಿಲ ಮಣ್ಣಿಗೇ ಬಂದು ತುಂಬುತ್ತದೆ. ಅಂತಹ ಕಡೆ 2 ಅಡಿ ಗುಂಡಿ ಸಾಕು. ಸಾಲನ್ನೇ ಏರಿಸಿ ನೆಡುವುದು ಇನ್ನೂ ಉತ್ತಮ.

ಯಂತ್ರಗಳ ಬಗ್ಗೆ ಒಂದು ಮಾತು. ಜೆಸಿಬಿ ತಂದು ನಾಲ್ಕು ಮೆಟ್ಟಿಲನ್ನು ಒಂದು ಮಾಡಿ ಮಟ್ಟ ಮಾಡಿಸುವುದು ಈಗ ಪ್ರತಿಷ್ಠೆಯ ವಿಷಯವಾಗಿದೆ. ಮೇಲ್ಭಾಗದಲ್ಲಿ ಫಲವತ್ತಾದ ಮಣ್ಣು ಕೊಚ್ಚಿಹೋಗಿ ಕೆಳಗಿನ ಹುಳಿ ಜೇಡಿ ಮೇಲೆ ಬರುತ್ತದೆ, ತಗ್ಗಿನಲ್ಲಿ ಅದೇ ಜೇಡಿ ಭಾರಕ್ಕೆ ಒತ್ತಿ ಇಟ್ಟಿಗೆಯಂತಾಗುತ್ತದೆ. ಯಂತ್ರ ಬೇಕೇಬೇಕೆಂದಾದರೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮಣ್ಣು ಒಣಗಿರುವಾಗ ಕಾಲುವೆ ತೆಗೆಯಲೂ ಗಟ್ಟಿ ಪದರವನ್ನು ಒಡೆಯಲೂ ಬಳಸಿರಿ. ಒದ್ದೆ ಜೇಡಿಯ ಮೇಲೆ ಅದನ್ನು ಹತ್ತಿಸಬಾರದು. ಪ್ರತಿವರ್ಷ ಧರೆ ಕಡಿದು ತೋಟಕ್ಕೆ ಹೊಸ ಕೆಮ್ಮಣ್ಣು ಹೊರಿಸುವ ರೂಢಿಯೂ ಮರುವಿಚಾರಕ್ಕೆ ಅರ್ಹವಾಗಿದೆ. ಬೇರು ಮೇಲೆದ್ದ ಹಳೆಯ ಮರಗಳಿಗೆ ಅದು ಒಳ್ಳೆಯದೇ. ಬಸಿಯದ ತೋಟದಲ್ಲಿ ಅದು ಕಾಲುವೆಯನ್ನು ಮುಚ್ಚುವ ಕೆಲಸ ಮಾಡುತ್ತದೆ.

ಸುಣ್ಣದ ಸರದಿ ಬರುವುದು ಈಗ. ಶುದ್ಧ ಸುಣ್ಣಕಲ್ಲಿನ ಪುಡಿಯ ಶಕ್ತಿಯನ್ನು 100 ಎಂದಿಟ್ಟುಕೊಂಡರೆ ಡಾಲೊಮೈಟಿನದು 109, ಅರಳಿದ ಸುಣ್ಣದ್ದು 135, ಸುಟ್ಟ ಸುಣ್ಣದ್ದು 179. ಆದುದರಿಂದ ಯಾವ ಸುಣ್ಣ ಎಂದು ಕೇಳದೆ ಎಷ್ಟು ಕಿಲೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಮೆಗ್ನೀಷಿಯಂ ಕೂಡ ತೊಳೆದುಹೋಗಿರುವ ನಮ್ಮ ಮಣ್ಣಿಗೆ ಡಾಲೊಮೈಟ್ ಹೆಚ್ಚು ಹೊಂದುತ್ತದೆ. ರಸಸಾರವನ್ನು 7ಕ್ಕೆ ಏರಿಸುವ ಹಟ ಬೇಡ. ಅಲ್ಯೂಮಿನಿಯಂ ಅಡಗುವಷ್ಟು, ಎಂದರೆ 5.5ರಿಂದ 6ರವರೆಗೆ ಬಂದರೆ ಸಾಕು. ಅತಿಯಾದರೆ ಸತು, ಬೋರಾನುಗಳ ಕೊರತೆ ತಲೆದೋರುತ್ತದೆ. ಸುಣ್ಣ ಮಣ್ಣಿನಲ್ಲಿ ಕೆಳಕ್ಕೆ ಇಳಿಯುವುದು ಬಹಳ ನಿಧಾನ. ಮೇಲೆ ಎರಚಿ ಬಿಟ್ಟರೆ ಬುಡದ ನೆಲ ಬೆಳ್ಳಗೆ ಕಾಣುತ್ತದೆ, 1 ಅಡಿ ಕೆಳಗೆ ಹುಳಿ ಇದ್ದಲ್ಲೇ ಇರುತ್ತದೆ. ನೆಡುವ ಮೊದಲೇ ಬೆರೆಸುವುದು ಅತ್ಯುತ್ತಮ. ಬೆಳೆದ ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಅರ್ಧ ಕಿಲೋದಷ್ಟನ್ನು ಬೇಸಿಗೆಯ ಮೊದಲ ಮಳೆ ಬಿದ್ದಾಗ ಹಗುರವಾಗಿ ಅಗೆದು ಬೆರೆಸಬಹುದು. ಇದಾದ ಎರಡು ಮೂರು ವಾರಗಳವರೆಗೆ ಯೂರಿಯಾ ಮುಂತಾದವನ್ನು ಕೊಡಬಾರದು, ಕೊಟ್ಟರೆ ಸಾರಜನಕ ಅಮೋನಿಯವಾಗಿ ಗಾಳಿಪಾಲಾಗುತ್ತದೆ. ಗೊಬ್ಬರದ ಆಯ್ಕೆಯಲ್ಲೂ ಎಚ್ಚರ ಬೇಕು: 100 ಕಿಲೋ ಅಮೋನಿಯಂ ಸಲ್ಫೇಟ್ ಉಂಟುಮಾಡುವ ಹುಳಿಯನ್ನು ಕಳೆಯಲು ಸುಮಾರು 110 ಕಿಲೋ ಸುಣ್ಣಕಲ್ಲಿನ ಪುಡಿ ಬೇಕಾಗುತ್ತದೆ. ರಂಜಕಕ್ಕೆ ಶಿಲಾರಂಜಕವೇ ಇಲ್ಲಿ ಯೋಗ್ಯ, ಮಣ್ಣಿನ ಹುಳಿಯೇ ಅದನ್ನು ಕರಗಿಸಿಕೊಡುತ್ತದೆ.

ಅಡಿಕೆ ಹಳದಿಯಾದದ್ದೆಲ್ಲ ಬಸಿಯದ ಮಣ್ಣಿನ ದೋಷ ಎಂದು ನಾನು ಹೇಳುತ್ತಿಲ್ಲ. ಶೃಂಗೇರಿ, ಕೊಪ್ಪ, ಸುಳ್ಯ ಕಡೆಯ ಹಳದಿ ಎಲೆ ರೋಗವು ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಗೆ ಸಂಬಂಧಪಟ್ಟದ್ದು, ಕಾಲುವೆ ತೆಗೆದ ಮಾತ್ರಕ್ಕೆ ಅದು ವಾಸಿಯಾಗದು. ಆದರೂ ಬೇರು ಬಲವಾಗಿರುವ ತೋಟ ಯಾವ ರೋಗವನ್ನಾದರೂ ಸ್ವಲ್ಪ ಹೆಚ್ಚು ಕಾಲ ತಾಳಿಕೊಳ್ಳುತ್ತದೆ. ಅಣಬೆ ರೋಗವಂತೂ ನೀರು ನಿಲ್ಲುವ ತೋಟವನ್ನೇ ಹುಡುಕಿಕೊಂಡು ಬರುತ್ತದೆ. ಶುಂಠಿಯವರಿಗೆ ಕೊಳೆರೋಗದ ಪಾಠ ಮೊದಲ ವರ್ಷವೇ ಸಿಗುವುದರಿಂದ ಅವರಿಗೆ ಏರುಮಡಿಯ ಮಹತ್ವ ವಿವರಿಸಬೇಕಿಲ್ಲ.

ಎಲ್ಲಕ್ಕಿಂತ ತೊಡಕಿನದು ನೆರೆಯವರ ವಿಷಯ. ಮೆಟ್ಟಿಲು ಗದ್ದೆಗಳಲ್ಲಿ ಮೇಲಿನವನ ನೀರು ಕೆಳಗಿನವನಿಗೆ ಹಾಯುವುದು ಊರಿನ ಕಟ್ಟಳೆ. ನಡುವಿನ ಒಬ್ಬ ತೋಟ ಮಾಡಿ ಏರಿ ಹಾಕಿದರೆ ಮೇಲಿನ ಗದ್ದೆಯ ನೀರು ನಿಲ್ಲುತ್ತದೆ. ಅವನು ಕಾಲುವೆ ತೆಗೆದರೆ ಕೆಳಗಿನ ಗದ್ದೆಗೆ ಒಮ್ಮೆಲೇ ನುಗ್ಗುತ್ತದೆ. ಒಂದು ಮಗ್ಗುಲಿನ ಹತ್ತು ಹನ್ನೆರಡು ಹಿಡುವಳಿದಾರರು ಕೂಡಿ ಹಳ್ಳದವರೆಗೆ ಒಂದು ಸಾಮೂಹಿಕ ಹೊರಗಾಲುವೆಗೆ ಜಾಗ ಬಿಡದಿದ್ದಲ್ಲಿ ನನ್ನ ಮೇಲಿನ ಮಾತುಗಳೆಲ್ಲ ಕಾಗದದ ಮೇಲೇ ಉಳಿಯುತ್ತವೆ. ಹೊರದಾರಿ ಇಲ್ಲದ ಜೇಡಿ ಮಕ್ಕಿಯನ್ನು ಭತ್ತಕ್ಕೇ ಬಿಡುವುದು ಲೇಸೆಂದು ನನ್ನ ಸ್ಪಷ್ಟ ಅಭಿಪ್ರಾಯ. ಅಲ್ಲಿ ನೀರು ಸುಣ್ಣದ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ.

ತೋಟ ಮಾಡಲು ನಿಶ್ಚಯಿಸಿದವರು ಈ ಬೇಸಿಗೆಯಲ್ಲೇ ಗುಂಡಿ ತೆಗೆದು ನೋಡಲಿ. ಮಣ್ಣಿನ ಮಾದರಿಯನ್ನು ಎರಡು ಚೀಲಗಳಲ್ಲಿ ಬೇರೆ ಬೇರೆಯಾಗಿ ತೆಗೆಯಬೇಕು: ಮೇಲಿನ 1 ಅಡಿಯದು ಒಂದು, ಅದರ ಕೆಳಗಿನ 1 ಅಡಿಯದು ಇನ್ನೊಂದು. ಪ್ರತಿಯೊಂದೂ ಅರ್ಧ ಕಿಲೋ ಇರಲಿ, ನೆರಳಿನಲ್ಲಿ ಒಣಗಿಸಿರಲಿ. ಗುಂಡಿಯ ಗೋಡೆಯ ಬಣ್ಣವನ್ನೂ, ತುಂಬಿದ ನೀರು ಇಂಗಲು ಹಿಡಿದ ಹೊತ್ತನ್ನೂ ಒಂದು ಕಾಗದದಲ್ಲಿ ಬರೆದು ಚೀಲದೊಡನೆ ಕಳುಹಿಸಿದರೆ ಸುಣ್ಣದ ಲೆಕ್ಕ ಹಾಕುವವರಿಗೆ ಬಹಳ ಅನುಕೂಲವಾಗುತ್ತದೆ.