ಅಜ್ಜಿಗೆ ಹಸಿವಿಲ್ಲವಂತೆ

ಶೋಳಿಂಗನಲ್ಲೂರ್ ಜಂಕ್ಷನ್ನಿನಿಂದ ಪೂರ್ವಕ್ಕೆ ಹೊರಳಿದರೆ ಈಸಿಆರ್ ರಸ್ತೆ ಸಿಗುತ್ತದೆ. ಆ ರಸ್ತೆಯಲ್ಲಿ ಇಂಜಂಬಾಕ್ಕಂನ ವಿಜಿಪಿ, ಇನ್ನೂ ಮುಂದೆ ಮುಟ್ಟುಕಾಡಿನ ಎಂಜಿಎಂ. ಓಎಂಆರ್ ಹಿಡಿದು ದಕ್ಷಿಣಕ್ಕೆ ಹೋದರೆ ತಿರುಪ್ಪೋರೂರು ಕಡೆ, 2025ರ ಡಿಸೆಂಬರಿನಲ್ಲಿ ಬಾಗಿಲು ತೆರೆದ ವಂಡರ್‌ಲಾ. 2005ರಿಂದ ಬಿಡದಿಯ ವಂಡರ್‌ಲಾ ನೋಡುತ್ತ ಬೆಳೆದು, ಐಟಿ ಕೆಲಸಕ್ಕೆಂದು ಇಲ್ಲಿಗೆ ಬಂದವರಿಗೆ ಆ ಹೆಸರು ಊರಿನದೇ ಹೆಸರು. ಬೇಸಿಗೆ ರಜೆಯಲ್ಲಿ ಊರಿಂದ ಅಪ್ಪ-ಅಮ್ಮ ಬಂದರೆ ಮಕ್ಕಳ ಬೇಡಿಕೆ ಒಂದೇ: ಪಾರ್ಕಿಗೆ ಹೋಗೋಣ.

ರಾತ್ರಿ ಮೊಬೈಲಿನಲ್ಲಿ ಟಿಕೆಟ್ ಕಾದಿರಿಸುವಾಗ ಇನ್ನೊಂದು ಪ್ರಶ್ನೆ ಎದುರಾಗಬಹುದು: ಊಟವನ್ನೂ ಈಗಲೇ ಸೇರಿಸಬೇಕೆ? ದೇಶದ ಯಾವ ಮೂಲೆಯ ಪಾರ್ಕಿನಲ್ಲೇ ಆಗಲಿ, ಮುಂಗಡ ಊಟದ ಯೋಜನೆ ಲಾಭವೋ ನಷ್ಟವೋ ಎಂದು ಹೆಚ್ಚಿನವರು ಲೆಕ್ಕ ಹಾಕುವ ರೀತಿಯೇ ತಪ್ಪು. ಅವರು ಯೋಜನೆಯ ಬೆಲೆಯನ್ನು ಬೋರ್ಡಿನ ಮೇಲಿನ ಬೆಲೆಯ ಜೊತೆ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ತಾವು ನಿಜಕ್ಕೂ ತಿನ್ನುವುದರ ಜೊತೆ.

ಯಾವ ಪಾರ್ಕಿನ ದರವೂ ಅಲ್ಲದ ಒಂದು ಉದಾಹರಣೆ ತೆಗೆದುಕೊಳ್ಳಿ. ತಲೆಗೆ 600 ರೂಪಾಯಿಯ ಯೋಜನೆ. ಅದರಲ್ಲಿ ಮಧ್ಯಾಹ್ನದ ಊಟ, ಸಂಜೆಯ ತಿಂಡಿ, ಒಂದು ಜ್ಯೂಸ್. ಬಿಡಿಯಾಗಿ ಕೊಂಡರೆ ಕ್ರಮವಾಗಿ 350, 180, 120, ಒಟ್ಟು 650. ಆರು ಜನರ ಮನೆಗೆ 300 ರೂಪಾಯಿ ಉಳಿತಾಯ ಎಂದು ಕಾಣುತ್ತದೆ. ಆದರೆ ಚೆನ್ನೈ ಬಿಸಿಲಿನಲ್ಲಿ, ತಿರುಗುವ ಯಂತ್ರದಿಂದ ಇಳಿದವರಿಗೆ ಪೂರ್ತಿ ಊಟ ಸೇರುವುದಿಲ್ಲ. ಇಬ್ಬರು ಮಕ್ಕಳು ಒಂದು ತಟ್ಟೆ ಹಂಚಿಕೊಳ್ಳುತ್ತಾರೆ. ಅಜ್ಜ-ಅಜ್ಜಿಗೆ ಸೇರಿ ಒಂದು ಊಟ ಸಾಕು. ನಾಲ್ಕು ಊಟ, ನಾಲ್ಕು ತಿಂಡಿ, ಮೂರು ಜ್ಯೂಸ್ ಕೊಂಡರೆ ಆಗುವುದು 2,480. ಯೋಜನೆಗೆ ಕೊಟ್ಟದ್ದು 3,600. ಉಳಿದದ್ದೇನೂ ಇಲ್ಲ, ಕೈಬಿಟ್ಟದ್ದು 1,120. ಜೊತೆಗೆ 'ದುಡ್ಡು ಕೊಟ್ಟಾಗಿದೆ, ತಿನ್ನು' ಎಂದು ಮಕ್ಕಳನ್ನು ಗದರಿಸುವ ಸುಖ. ಕಾಲೇಜು ಹುಡುಗರ ಗುಂಪಿಗೆ ಇದೇ ಯೋಜನೆ ಲಾಭ. ಅವರು ತಟ್ಟೆಯಲ್ಲಿ ಅಗುಳು ಬಿಡುವವರಲ್ಲ.

ಹಾಗಾದರೆ ಬೇಡವೇ ಬೇಡ ಎನ್ನಬಹುದೆ? ಅವಸರ ಬೇಡ. ಲೆಕ್ಕಕ್ಕೆ ಸಿಗದ ಒಂದು ಸಂಗತಿ ಕೌಂಟರಿನ ಮುಂದೆ ನಡೆಯುತ್ತದೆ. ಅಜ್ಜಿ ಕತ್ತೆತ್ತಿ ದರದ ಬೋರ್ಡು ನೋಡುತ್ತಾರೆ. ಮೊಸರನ್ನಕ್ಕೆ ಇಷ್ಟು ರೂಪಾಯಿಯೇ! ಮರುಕ್ಷಣ, 'ನನಗೆ ಹಸಿವಿಲ್ಲ ಬಿಡಪ್ಪಾ, ನೀವು ತಿನ್ನಿ.' ಬೆಳಿಗ್ಗೆ ಆರಕ್ಕೆ ಕಾಫಿ ಕುಡಿದು ಹೊರಟವರು, ಮಾತ್ರೆ ನುಂಗಬೇಕಾದವರು, ಮಗನ ಜೇಬು ಉಳಿಸಲು ಉಪವಾಸ ಕೂರುತ್ತಾರೆ. ಎಷ್ಟು ಒತ್ತಾಯಿಸಿದರೂ ಒಂದು ಬಿಸ್ಕತ್ತಿನ ಮೇಲೆ ಹೋಗುವುದಿಲ್ಲ.

ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ 1998ರಲ್ಲಿ ಬರೆದ ಪ್ರಬಂಧವೊಂದು ಇದರ ಸುತ್ತಲೇ ಇದೆ: ಹಣ ಕೊಡುವ ನೋವು ಮೊದಲೇ ಮುಗಿದಿದ್ದರೆ ಅನುಭವಿಸುವಾಗ ಅದು ಅಡ್ಡ ಬರುವುದಿಲ್ಲ. ಮುಂಗಡ ಊಟ ಮಾರುವುದು ಅನ್ನವನ್ನಷ್ಟೇ ಅಲ್ಲ, ಬೋರ್ಡು ನೋಡದಿರುವ ನೆಮ್ಮದಿಯನ್ನೂ. ಹಿರಿಯರಿಗೆ ಆ ನೆಮ್ಮದಿಯ ಬೆಲೆ ಹೆಚ್ಚು. ಆದ್ದರಿಂದ ಲೆಕ್ಕದ ಪ್ರಕಾರ ಯಾರಿಗೆ ಯೋಜನೆ ನಷ್ಟವೋ ಅವರಿಗೇ ಅದು ಬೇಕು. ಮಕ್ಕಳಿಗೆ ಹಸಿದಾಗ ಕೊಡಿಸಿದರೆ ಸಾಕು. ಅವರು ಹಸಿವು ಮುಚ್ಚಿಡುವುದಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕಬೇಕಾಗಿ ಬಂದದ್ದು ಬುತ್ತಿ ಗೇಟಿನಲ್ಲೇ ನಿಲ್ಲುವುದರಿಂದ. ಪ್ರಯಾಣವೆಂದರೆ ಚಿತ್ರಾನ್ನ, ಮೊಸರನ್ನ, ಚಟ್ನಿಪುಡಿ ಕಟ್ಟಿಕೊಳ್ಳುವ ಜನ ನಾವು. ನಮ್ಮ ಬಹುತೇಕ ಪಾರ್ಕುಗಳು ಹೊರಗಿನ ತಿನಿಸನ್ನು ಒಳಗೆ ಬಿಡುವುದಿಲ್ಲ. ಊಟದ ಯೋಜನೆಗೇ ಹೆಸರಾದ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಸ್ವಂತ ತಿನಿಸು ಒಯ್ಯಬಹುದು. ಕೊರೋನಾ ಕಾಲದಲ್ಲಿ ನಿಂತಿದ್ದ ಅವರ ಯೋಜನೆ 2024ರ ಜನವರಿಯಲ್ಲಿ ಮರಳಿತು. ಬುತ್ತಿ ಬಿಟ್ಟ ಮಾತ್ರಕ್ಕೆ ಯೋಜನೆ ಮಾರಾಟವಾಗದೆ ಉಳಿಯುವುದಿಲ್ಲ.

ಇದಕ್ಕೆ ಎದುರು ವಾದವೂ ಉಂಟು. ಸಿನಿಮಾ ಮಂದಿರದ ಮಾಲೀಕರು ಹೊರಗಿನ ತಿನಿಸು ತಡೆಯಬಹುದೆಂದು ಸುಪ್ರೀಂ ಕೋರ್ಟ್ 2023ರ ಜನವರಿ 3ರಂದು ಹೇಳಿತು. ಕುಡಿಯುವ ನೀರು ಉಚಿತವಾಗಿರಬೇಕು, ಕೂಸುಗಳ ಆಹಾರಕ್ಕೆ ಅಡ್ಡಿ ಮಾಡಬಾರದು ಎಂಬುದೂ ಅದರೊಂದಿಗೆ ಬಂತು. ತಿನಿಸು ಕೊಳ್ಳುವುದು ಪ್ರೇಕ್ಷಕರ ಇಷ್ಟ ಎಂಬುದು ಅಲ್ಲಿನ ತರ್ಕ. ಮೂರು ಗಂಟೆಯ ಸಿನಿಮಾಕ್ಕೆ ಅದು ಸರಿ. ಬೆಳಗಿನಿಂದ ಸಂಜೆಯವರೆಗೆ ಮಕ್ಕಳು-ಮುದುಕರು ಇರುವ ಜಾಗದಲ್ಲಿ ಊಟ ಇಷ್ಟದ ಮಾತಲ್ಲ. ಗೇಟಿನ ಪಕ್ಕ ಬುತ್ತಿ ಬಿಚ್ಚಲು ನಾಲ್ಕು ಬೆಂಚು ಹಾಕಿ, ಊಟಕ್ಕೆ ಹೊರಗೆ ಹೋಗಿ ಬರಲು ಕೈಗೊಂದು ಮುದ್ರೆ ಒತ್ತಿದರೆ ಯಾವ ಪಾರ್ಕೂ ಮುಳುಗುವುದಿಲ್ಲ. ಆಗ ಯೋಜನೆ ಕೊಂಡವರು ನಿಜಕ್ಕೂ ಬೇಕೆಂದು ಕೊಂಡವರಾಗುತ್ತಾರೆ.

ಅಲ್ಲಿಯವರೆಗೆ, ಒಬ್ಬೊಬ್ಬರಿಗೆ ಬೇರೆಯಾಗಿ ಕೊಳ್ಳುವ ಅವಕಾಶವಿದ್ದರೆ, ಹಿರಿಯರ ಎರಡು ಊಟವನ್ನು ಹಿಂದಿನ ರಾತ್ರಿಯೇ ಕಾದಿರಿಸಿ. ಬೆಲೆ ಎಷ್ಟೆಂದು ಕೇಳಿದರೆ 'ಟಿಕೆಟ್ಟಿನಲ್ಲೇ ಸೇರಿದೆ ಅಮ್ಮ' ಎನ್ನಿ. ಆ ಮಾತು ಸುಳ್ಳೂ ಅಲ್ಲ.