ನಕ್ಷೆ ಮನೆಯದ್ದಾಗಿರಲಿ, ನಕಲು ಬೇಡ

ಚಾವಣಿಗೆ ಸೋಲಾರ್ ಹಾಕಿಸಿಕೊಂಡವರ ಮನೆಯಲ್ಲಿ ಒಂದು ಫೈಲ್ ಇರುತ್ತದೆ. ಅರ್ಜಿಯ ಪ್ರತಿ, ಪ್ಯಾನೆಲ್‌ಗಳ ವಾರಂಟಿ ಕಾರ್ಡ್, ಇನ್ವರ್ಟರ್ ಬಿಲ್, ಮೀಟರ್ ಬದಲಿಸಿದ ಪತ್ರ. ಇವುಗಳ ನಡುವೆ ಗೆರೆ, ಚೌಕಗಳಿರುವ ಒಂದು ಎ4 ಹಾಳೆಯೂ ಇರುತ್ತದೆ. ಅದರ ಹೆಸರು ಸಿಂಗಲ್ ಲೈನ್ ಡಯಾಗ್ರಾಂ. ಮನೆಯವರಿಗೆ ಅದು ಅರ್ಥವಾಗುವುದಿಲ್ಲ. ಬರೆದುಕೊಟ್ಟವರೂ ಅದನ್ನು ಮತ್ತೆ ತೆರೆದು ನೋಡುವುದು ಕಡಿಮೆ. ಎಲೆಕ್ಟ್ರಿಕಲ್ ಬಿಇ ಓದುತ್ತಿರುವ ನನಗೆ ಮಾತ್ರ, ಇಡೀ ಫೈಲಿನಲ್ಲಿ ಮನೆಯವರ ಜೀವಕ್ಕೆ ಸಂಬಂಧಪಟ್ಟ ಹಾಳೆ ಅದೊಂದೇ ಅನ್ನಿಸುತ್ತದೆ. ಅದನ್ನು ಸರಿಯಾಗಿ ಬರೆಯುವುದನ್ನು ನಾವು ಕಲಿಯಬೇಕು, ಕಾಲೇಜುಗಳು ಕಲಿಸಬೇಕು.

ಆ ಹಾಳೆಯಲ್ಲಿ ಏನಿರುತ್ತದೆ? 3 ಕಿಲೋವಾಟ್‌ನ ಒಂದು ಸಾಮಾನ್ಯ ಮನೆಯನ್ನೇ ತೆಗೆದುಕೊಳ್ಳೋಣ. ಚಾವಣಿ ಮೇಲೆ 540 ವಾಟ್ ಆಸುಪಾಸಿನ ಆರು ಪ್ಯಾನೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಅಲ್ಲಿಂದ ಬರುವ ಡಿಸಿ ಕರೆಂಟು ಡಿಸಿಡಿಬಿ ಎಂಬ ಪೆಟ್ಟಿಗೆಗೆ ಇಳಿಯುತ್ತದೆ. ಅದರೊಳಗೆ ಫ್ಯೂಸ್ ಅಥವಾ ಎಂಸಿಬಿ, ಸಿಡಿಲಿನ ಹೊಡೆತ ತಡೆಯುವ ಎಸ್‌ಪಿಡಿ. ಮುಂದೆ ಇನ್ವರ್ಟರ್. ಅದರಾಚೆ ಎಸಿ, ಇನ್ನೊಂದು ಪೆಟ್ಟಿಗೆ ಎಸಿಡಿಬಿ, ಕೊನೆಗೆ ಮನೆಯ ಮೇನ್ ಮತ್ತು ಎರಡೂ ದಿಕ್ಕಿನ ಲೆಕ್ಕ ಇಡುವ ನೆಟ್ ಮೀಟರ್. ಜೊತೆಗೆ ಅರ್ಥಿಂಗ್ ಗುಂಡಿಗಳು. ಸಿಂಗಲ್ ಲೈನ್ ನಕ್ಷೆಯಲ್ಲಿ ಎರಡು ಮೂರು ತಂತಿಗಳನ್ನು ಒಂದೇ ಗೆರೆಯಲ್ಲಿ ತೋರಿಸುತ್ತಾರೆ. ವೈರಿಂಗ್ ನಕ್ಷೆಯಲ್ಲಿ ಪ್ರತಿ ತಂತಿಗೂ ಬೇರೆ ಗೆರೆ, ಬೇರೆ ನಂಬರ್. ಮೊದಲನೆಯದು ವಿದ್ಯುತ್ ಕಂಪನಿಯ ಕಚೇರಿಗೆ ಬೇಕು. ಎರಡನೆಯದು ನಾಳೆ ರಿಪೇರಿಗೆ ಬರುವವನಿಗೆ ಬೇಕು.

ಈ ನಕ್ಷೆಗಳು ಎಷ್ಟೋ ಕಡೆ ಆ ಮನೆಯದ್ದೇ ಆಗಿರುವುದಿಲ್ಲ. ಹಳೆಯ ಫೈಲ್ ತೆರೆದು ಹೆಸರು, ಆರ್‌ಆರ್ ನಂಬರ್ ಬದಲಿಸಿ ಪ್ರಿಂಟ್ ತೆಗೆದಿರುತ್ತಾರೆ. ನಮ್ಮ ಬೀದಿಯಲ್ಲಿ ಹೀಗೆ ಬರೆದುಕೊಟ್ಟ ಒಂದು ನಕ್ಷೆಯನ್ನು ಹಿಡಿದು ನಾನು ಚಾವಣಿ ಹತ್ತಿ ನೋಡಿದ್ದೇನೆ. ಹಾಳೆಯಲ್ಲಿ ಅರ್ಥಿಂಗ್ ಗುಂಡಿ ಮೂರು, ಕಾಂಪೌಂಡಿನಲ್ಲಿ ಎರಡು. ಹಾಳೆಯಲ್ಲಿ ಎಸಿಡಿಬಿ ಮೀಟರ್ ಪಕ್ಕದಲ್ಲಿ, ಮನೆಯಲ್ಲಿ ಅದು ಮೆಟ್ಟಿಲಿನ ಕೆಳಗೆ, ಸೈಕಲ್ ಹಿಂದೆ. ಬಾಗಿಲ ಬಳಿ ಗೋಡೆಗೆ ಅಂಟಿಕೊಂಡಿದ್ದ ಹಳೆಯ ಯುಪಿಎಸ್ ನಕ್ಷೆಯಲ್ಲಿ ಇರಲೇ ಇಲ್ಲ.

ಆ ಯುಪಿಎಸ್ ವಿಷಯವನ್ನೇ ನೋಡಿ. ಲೋಡ್ ಶೆಡ್ಡಿಂಗ್ ಕಂಡಿರುವ ನಮ್ಮ ಊರುಗಳಲ್ಲಿ ಬ್ಯಾಟರಿ, ಯುಪಿಎಸ್ ಇರುವ ಮನೆಗಳಿಗೆ ಬರವಿಲ್ಲ. ಬ್ಯಾಟರಿಯಿಲ್ಲದ ಸಾಮಾನ್ಯ ಗ್ರಿಡ್ ಸೋಲಾರ್ ಇನ್ವರ್ಟರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲಬೇಕು. ಇಲ್ಲದಿದ್ದರೆ ಮನೆಯಿಂದ ಹರಿದ ವಿದ್ಯುತ್ ಕಂಬದ ಮೇಲಿರುವ ಲೈನ್‌ಮನ್‌ನ ಪ್ರಾಣಕ್ಕೆ ಕುತ್ತು. ಸೋಲಾರ್ ತಂತಿಯನ್ನು ಯಾರಾದರೂ ಯುಪಿಎಸ್‌ನ ಔಟ್‌ಪುಟ್ ಕಡೆಗೆ ಸೇರಿಸಿಬಿಟ್ಟರೆ, ಯುಪಿಎಸ್ ಕೊಡುವ ವೋಲ್ಟೇಜನ್ನೇ ಸೋಲಾರ್ ಇನ್ವರ್ಟರ್ ಗ್ರಿಡ್ ಎಂದು ತಿಳಿಯುವ ಸಾಧ್ಯತೆ ಇದೆ. ಆಗ ಅದು ಯುಪಿಎಸ್‌ನೊಳಕ್ಕೇ ವಿದ್ಯುತ್ ನುಗ್ಗಿಸಿ ಅದನ್ನು ಸುಡಬಹುದು. ನಕ್ಷೆಯಲ್ಲಿ ಯುಪಿಎಸ್ ಇದ್ದಿದ್ದರೆ ಎಲ್ಲಿ ಸೇರಿಸಬೇಕು, ಎಲ್ಲಿ ಸೇರಿಸಬಾರದು ಎಂಬುದು ಗೆರೆಯಲ್ಲೇ ಕಾಣುತ್ತಿತ್ತು. ‘ಇಷ್ಟು ಬಿಸಿಲಿದೆ, ಸೋಲಾರೂ ಇದೆ, ಆದರೂ ಮನೆಯಲ್ಲಿ ಕರೆಂಟಿಲ್ಲ ಯಾಕೆ’ ಎಂದು ಕೇಳುವ ಅಜ್ಜನಿಗೂ ಅದೇ ಹಾಳೆಯನ್ನು ತೋರಿಸಿ ಉತ್ತರ ಹೇಳಬಹುದಿತ್ತು.

ಇನ್ನು ಡಿಸಿ ಕಡೆ. ಒಂದು ಪ್ಯಾನೆಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ ಸುಮಾರು 50 ವೋಲ್ಟ್. ಆರು ಸೇರಿದರೆ 300 ವೋಲ್ಟ್. ಮೇನ್ ಆಫ್ ಮಾಡಿದರೂ ಹಗಲು ಹೊತ್ತಿನಲ್ಲಿ ಚಾವಣಿಯಿಂದ ಡಿಸಿ ಸ್ವಿಚ್ಚಿನವರೆಗಿನ ತಂತಿಯಲ್ಲಿ ಈ 300 ವೋಲ್ಟ್ ಇದ್ದೇ ಇರುತ್ತದೆ. ಸೂರ್ಯನಿಗೆ ಸ್ವಿಚ್ ಇಲ್ಲವಲ್ಲ! ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆದ್ದರಿಂದ ಸ್ವಿಚ್ ತೆರೆದಾಗ ಏಳುವ ಕಿಡಿ ಬೇಗ ಆರುತ್ತದೆ. ಡಿಸಿ ಹಾಗೆ ಸೊನ್ನೆಗೆ ಬರುವುದಿಲ್ಲ, ಕಿಡಿ ಎಳೆದುಕೊಂಡೇ ಹೋಗುತ್ತದೆ. ಅದಕ್ಕೇ ಡಿಸಿಗೆಂದೇ ತಯಾರಾದ ಎಂಸಿಬಿ ಬೇಕು. ಅಂಗಡಿಯಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ನಕ್ಷೆಯಲ್ಲಿ ‘ಎಂಸಿಬಿ’ ಎಂದಷ್ಟೇ ಬರೆದಿದ್ದರೆ, ಕೆಟ್ಟುಹೋದಾಗ ಕೈಗೆ ಸಿಕ್ಕಿದ್ದನ್ನು ತಂದು ಹಾಕುತ್ತಾರೆ. ‘ಡಿಸಿ ಎಂಸಿಬಿ, ಇಷ್ಟು ವೋಲ್ಟ್, ಇಷ್ಟು ಆಂಪಿಯರ್’ ಎಂದು ಬರೆಯಲು ಅರ್ಧ ನಿಮಿಷವೂ ಬೇಡ. ಆ ಅರ್ಧ ನಿಮಿಷ ಒಂದು ಬೆಂಕಿ ಅನಾಹುತವನ್ನು ತಪ್ಪಿಸಬಲ್ಲದು.

‘ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಕಲ್ಲವೇ?’ ಎಂದು ಗೆಳೆಯರು ಕೇಳುತ್ತಾರೆ. ಬೇಡ. ಆಟೊಕ್ಯಾಡ್ ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗುತ್ತದೆ. ಅದೂ ಬೇಡವೆಂದರೆ ಕ್ಯುಎಲೆಕ್ಟ್ರೋಟೆಕ್ ಎಂಬ ಮುಕ್ತ ತಂತ್ರಾಂಶವಿದೆ. ವಿದ್ಯುತ್ ನಕ್ಷೆಗಳಿಗೆಂದೇ ಮಾಡಿದ್ದು, ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಸ್ವಿಚ್, ಫ್ಯೂಸ್, ಅರ್ಥಿಂಗ್ ಮುಂತಾದ ಚಿಹ್ನೆಗಳು ಅದರಲ್ಲಿ ಸಿದ್ಧವಾಗಿರುತ್ತವೆ. ಈ ಚಿಹ್ನೆಗಳಿಗೆ ಐಇಸಿ 60617 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದನ್ನು ಒಮ್ಮೆ ಕಲಿತರೆ ಹಾಸನದಲ್ಲಿ ಬರೆದ ನಕ್ಷೆಯನ್ನು ಜರ್ಮನಿಯಲ್ಲಿ ಕುಳಿತವರೂ ಓದಬಲ್ಲರು.

‘ಈಗ ಸಾಫ್ಟ್‌ವೇರ್ ತಾನೇ ನಕ್ಷೆ ಬರೆದುಕೊಡುತ್ತದೆ, ನಾವೇಕೆ ಕಲಿಯಬೇಕು’ ಎನ್ನುವವರೂ ಇದ್ದಾರೆ. ಅದು ಬರೆಯುವುದು ಎಲ್ಲ ಮನೆಗೂ ಹೊಂದುವ ಮಾದರಿಯನ್ನು. ನಿಮ್ಮ ಮೆಟ್ಟಿಲಿನ ಕೆಳಗಿನ ಪೆಟ್ಟಿಗೆ, ಬಾವಿಯ ಪಕ್ಕದ ಗುಂಡಿ, ಯುಪಿಎಸ್‌ಗೆ ಹೋಗುವ ನ್ಯೂಟ್ರಲ್ ಅದಕ್ಕೆ ಗೊತ್ತಿಲ್ಲ. ಅವನ್ನು ತಿಳಿಯಬೇಕಾದರೆ ಟೇಪು, ಟಾರ್ಚು, ಪೆನ್ಸಿಲ್ ಹಿಡಿದು ಮನೆ ಸುತ್ತಬೇಕು. ಮೊದಲು ಕಾಗದದಲ್ಲಿ ಗೀಚಿಕೊಂಡು, ಆಮೇಲೆ ಕಂಪ್ಯೂಟರ್ ಮುಂದೆ ಕೂರಬೇಕು. ಲೆಕ್ಕವೂ ನಮ್ಮದೇ. ತಾಪಮಾನ ಇಳಿದಂತೆ ಪ್ಯಾನೆಲ್‌ನ ವೋಲ್ಟೇಜ್ ಏರುತ್ತದೆ. ಪ್ಯಾನೆಲ್ ಮೇಲೆ ಬರೆದಿರುವ ಅಂಕಿ 25 ಡಿಗ್ರಿಯದ್ದು. 10 ಡಿಗ್ರಿಯ ಚಳಿಗಾಲದ ಬೆಳಗ್ಗೆ ಅದು ಸುಮಾರು ಶೇ 4ರಷ್ಟು ಹೆಚ್ಚು. ಸಾಲಿನಲ್ಲಿ ಪ್ಯಾನೆಲ್‌ಗಳು ಹೆಚ್ಚಿದ್ದರೆ ಅಷ್ಟೇ ವ್ಯತ್ಯಾಸ ಇನ್ವರ್ಟರ್‌ನ ಮಿತಿ ದಾಟಿಸಬಹುದು.

ಕಾಲೇಜಿನಲ್ಲಿ ನಾವೇನು ಬರೆಯುತ್ತೇವೆ? ಮೊದಲ ವರ್ಷದ ಕಂಪ್ಯೂಟರ್ ಡ್ರಾಯಿಂಗ್‌ನಲ್ಲಿ ಶಂಕು, ಪಟ್ಟಕಗಳ ಪ್ರೊಜೆಕ್ಷನ್. ಅದು ಬೇಡವೆನ್ನುತ್ತಿಲ್ಲ, ಕಣ್ಣಿಗೆ ಶಿಸ್ತು ಬರುತ್ತದೆ. ಅದರ ಜೊತೆಗೆ ಎಲೆಕ್ಟ್ರಿಕಲ್ ವಿದ್ಯಾರ್ಥಿ ಪದವಿ ಮುಗಿಸುವ ಮುನ್ನ ಒಂದು ನಿಜವಾದ ಮನೆಯ ವೈರಿಂಗ್ ನಕ್ಷೆ ಬರೆಯಲೇಬೇಕು ಎಂದು ನಿಯಮ ಮಾಡಬಾರದೇ? ಅಂಕ ಕೊಡುವವರು ನಕ್ಷೆ ಹಿಡಿದು ಆ ಮನೆಗೇ ಬಂದು ತಾಳೆ ನೋಡಲಿ. ಹಾಳೆ ಎಷ್ಟು ಚೆನ್ನಾಗಿದೆ ಎನ್ನುವುದಕ್ಕಲ್ಲ, ಗೋಡೆಯ ಮೇಲಿರುವುದಕ್ಕೆ ಎಷ್ಟು ಹೊಂದುತ್ತದೆ ಎನ್ನುವುದಕ್ಕೆ ಅಂಕ ಕೊಡಲಿ.

ಕೆಲಸ ಹುಡುಕುತ್ತಿರುವವರಿಗೂ ಇದರಲ್ಲಿ ದಾರಿಯಿದೆ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ ದೇಶದ 1 ಕೋಟಿ ಮನೆಗಳು. 2 ಕಿಲೋವಾಟ್‌ಗೆ 60 ಸಾವಿರ, 3 ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಬ್ಸಿಡಿ. ಸೋಲಾರ್ ಎಂದರೆ ನಮಗೆ ಪಾವಗಡದ 2,050 ಮೆಗಾವಾಟ್‌ನ ಪಾರ್ಕ್ ನೆನಪಾಗುತ್ತದೆ. ಆದರೆ ಚಾವಣಿ ಸೋಲಾರ್ ಕೆಲಸ ತಾಲ್ಲೂಕು ಕೇಂದ್ರಗಳಲ್ಲೂ ಇದೆ. ಅಲ್ಲಿ ಪ್ಯಾನೆಲ್ ಎತ್ತಿ ಕೂರಿಸುವ ಕೈಗಳಿವೆ. ಸ್ಥಳಕ್ಕೆ ಹೋಗಿ ಅಳೆದು, ಲೆಕ್ಕ ಹಾಕಿ, ಆ ಮನೆಯದ್ದೇ ನಕ್ಷೆ ಬರೆದುಕೊಡುವವರೂ ಬೇಕು.

ಇಲ್ಲಿ ನಾವು ಬಿಇಯವರು ಒಂದು ಹಮ್ಮು ಬಿಡಬೇಕು. ಐಟಿಐ ಮುಗಿಸಿ, ಸೂರ್ಯಮಿತ್ರದಂಥ ತರಬೇತಿ ಪಡೆದ ಗೆಳೆಯರಿಗೆ ತಂತಿಯ ಗುಣ ಕೈಯಲ್ಲೇ ಗೊತ್ತು. ಯಾವ ಗ್ಲ್ಯಾಂಡಿನಲ್ಲಿ ನೀರು ಇಳಿಯುತ್ತದೆ, ಯಾವ ತಿರುವಿನಲ್ಲಿ ಕೇಬಲ್ ಉಜ್ಜಿ ಸವೆಯುತ್ತದೆ ಎಂಬುದು ಅವರಿಗೆ ಚಾವಣಿ ಕಲಿಸಿದ ಪಾಠ. ನಮಗೆ ಲೆಕ್ಕ, ಸಾಫ್ಟ್‌ವೇರ್ ಗೊತ್ತು. ನಾವು ಬರೆದ ನಕ್ಷೆಯನ್ನು ಅವರು ತಿದ್ದಬೇಕು, ಅವರು ತಿದ್ದಿದ್ದನ್ನು ನಾವು ಕಂಪ್ಯೂಟರ್‌ಗೆ ಏರಿಸಬೇಕು. ಕೆಲಸ ಮುಗಿದ ಮೇಲಿನ ನಕ್ಷೆ ಹೀಗೆ ಇಬ್ಬರ ಕೈಯಿಂದ ಬಂದರೆ ಮಾತ್ರ ನಂಬಬಹುದು.

ಕೊನೆಗೊಂದು ಮಾತು. ನಕ್ಷೆ ಇಂಗ್ಲಿಷ್‌ನಲ್ಲೇ ಇರಬೇಕೆಂದೇನಿಲ್ಲ. ಕಚೇರಿಗೆ ಕೊಡುವ ಪ್ರತಿ ಅವರು ಕೇಳಿದಂತಿರಲಿ. ಮನೆಯವರಿಗಾಗಿ ಇನ್ನೊಂದು ಪ್ರತಿಯಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ಪೆಟ್ಟಿಗೆಯ ಪಕ್ಕ ಅಂಟಿಸಿ. ಕೆಳಗೆ ಮೂರು ಸಾಲು ಸಾಕು: ತೊಂದರೆ ಕಂಡರೆ ಮೊದಲು ಎಸಿ ಸ್ವಿಚ್ ಆಫ್ ಮಾಡಿ, ಆಮೇಲೆ ಡಿಸಿ ಸ್ವಿಚ್ ಆಫ್ ಮಾಡಿ, ಹಗಲಿನಲ್ಲಿ ಚಾವಣಿಯ ತಂತಿ ಮುಟ್ಟಬೇಡಿ. ಮನೆಯಲ್ಲಿ ಒಬ್ಬರೇ ಇರುವ ಅಮ್ಮನಿಗೆ ಇನ್ವರ್ಟರ್‌ನಿಂದ ಸುಟ್ಟ ವಾಸನೆ ಬಂದರೆ, ನಾವು ಫೋನ್ ಎತ್ತುವಷ್ಟರೊಳಗೆ ಅವರು ಏನು ಮಾಡಬೇಕೆಂಬುದು ಆ ಗೋಡೆಯ ಮೇಲೆಯೇ ಇರಲಿ. ಈ ರಜೆಯಲ್ಲಿ ನಿಮ್ಮ ಮನೆಯದ್ದೋ ಪಕ್ಕದ ಮನೆಯದ್ದೋ ಒಂದು ನಕ್ಷೆ ಬರೆದು ನೋಡಿ.