ರಂಧ್ರ ಚಿಕ್ಕದು, ನಿರ್ಧಾರ ಚಿಕ್ಕದಲ್ಲ



ಹುಮನಾಬಾದಿನಲ್ಲಿ ನನ್ನ ಬಳಿ ಗಣಿತ ಕಲಿತ ಹುಡುಗನೊಬ್ಬ (ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ) ಕಳೆದ ತಿಂಗಳು ಬಸವಕಲ್ಯಾಣದ ನಮ್ಮ ಮನೆಗೆ ಬಂದಿದ್ದ. ಅವನ ತಂದೆಯವರಿಗೆ ಸೊಂಟದ ಡಿಸ್ಕಿನ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷ. ಆರು ತಿಂಗಳು ಸುಖವಾಗಿದ್ದರು. ಆಮೇಲೆ ನೋವು ಮರಳಿತು. ಈಗ ದೊಡ್ಡ ಊರಿನ ಆಸ್ಪತ್ರೆಯೊಂದು ಮತ್ತೊಂದು ಚಿಕಿತ್ಸೆ ಸೂಚಿಸಿದೆ. “ಬರೇ ಸೂಜೀಲೇ ಮುಗೀತದಂತ್ರಿ ಸರ್. ಕೊಯ್ಯಂಗಿಲ್ಲ, ಹೊಲಿಯಂಗಿಲ್ಲ,” ಎಂದ. ಅದಕ್ಕಾಗಿ ಎರಡೆಕರೆ ತೊಗರಿ ಹೊಲವನ್ನು ಅಡವಿಡಲು ಸಿದ್ಧನಾಗಿದ್ದ.

ನನ್ನ ತಕರಾರು ಸೂಜಿಯ ಮೇಲಲ್ಲ, ಆ “ಬರೇ” ಎಂಬ ಪದದ ಮೇಲೆ.

ಶಸ್ತ್ರಚಿಕಿತ್ಸೆಯ ನಂತರವೂ ಉಳಿಯುವ ನೋವನ್ನು ವೈದ್ಯಲೋಕ ಬಹುಕಾಲ ‘ಫೇಲ್ಡ್ ಬ್ಯಾಕ್’ ಎಂದು ಕರೆಯಿತು. ಪರೀಕ್ಷೆ ಬರೆದವರು ಯಾರೋ, ನಪಾಸಾದದ್ದು ಬೆನ್ನು! ಅದೇ ಡಿಸ್ಕು ಮತ್ತೆ ಹೊರಚಾಚಿರಬಹುದು, ನರದ ಸುತ್ತ ಗಾಯದ ಅಂಗಾಂಶ ಬೆಳೆದಿರಬಹುದು, ನರವೇ ಹಾಳಾಗಿರಬಹುದು, ನೋವಿನ ಮೂಲ ಮೊದಲಿನಿಂದಲೂ ಆ ಡಿಸ್ಕು ಆಗಿರದೆಯೂ ಇರಬಹುದು. ಯಾವುದೆಂದು ತಿಳಿಯದೆ ಚುಚ್ಚುವುದು ಪ್ರಶ್ನೆ ಓದದೆ ಉತ್ತರ ಬರೆದಂತೆ.

ಸೂಜಿಯ ಚಿಕಿತ್ಸೆಯೂ ಒಂದಲ್ಲ. ಬೆನ್ನುಹುರಿಯ ಹೊದಿಕೆಯ ಹೊರಗೆ ಸ್ಟಿರಾಯ್ಡ್ ಕೊಡುವುದು, ಸಂಧಿಗಳ ಸಣ್ಣ ನರಗಳನ್ನು ರೇಡಿಯೋ ತರಂಗದ ಶಾಖದಿಂದ ಸುಡುವುದು, ಕಡೆಗೆ ಬೆನ್ನುಹುರಿಗೆ ವಿದ್ಯುತ್ ಮಿಡಿತ ನೀಡುವ ಯಂತ್ರವನ್ನು ಚರ್ಮದಡಿ ಹುದುಗಿಸುವುದು. ನಾರ್ವೆಯಲ್ಲಿ ಶಸ್ತ್ರಚಿಕಿತ್ಸೆಯ ಬಳಿಕವೂ ಕಾಲಿಗೆ ಇಳಿಯುವ ನೋವಿದ್ದ 50 ಜನರಿಗೆ ಈ ಯಂತ್ರ ಹಾಕಿ, ಅವರಿಗೆ ತಿಳಿಯದಂತೆ ಕೆಲವು ತಿಂಗಳು ಚಾಲೂ, ಕೆಲವು ತಿಂಗಳು ಬಂದ್ ಮಾಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2025ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ಮಾರ್ಗಸೂಚಿ, ದೀರ್ಘಕಾಲದ ಬೆನ್ನುಮೂಳೆ ನೋವಿಗೆ ಸ್ಟಿರಾಯ್ಡ್ ಮತ್ತು ರೇಡಿಯೋ ತರಂಗದ ಚಿಕಿತ್ಸೆಗಳು ಬೇಡವೆಂದೇ ಬಲವಾಗಿ ಸಲಹೆ ಮಾಡಿತು. ನೋವು ತಜ್ಞರ ಸಂಘಗಳು ಅದನ್ನು ಪ್ರತಿಭಟಿಸಿದವು. ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿಯೇ ಆಯ್ದ ನರನೋವಿನ ರೋಗಿಗಳಿಗೆ ಯಂತ್ರವನ್ನು ಒಪ್ಪಿತ್ತು. ವಿವಾದವಿದೆ. ರೋಗಿಗೆ ಆ ವಿವಾದವನ್ನು ಹೇಳಬೇಕಲ್ಲವೇ?

ನನ್ನ ಬೆನ್ನೂ ಒಮ್ಮೆ ಕತ್ತರಿ ಕಂಡಿದೆ. ಬಳಿಕ ನಾನೂ ಸ್ಟಿರಾಯ್ಡ್ ಚುಚ್ಚುಮದ್ದು ಪಡೆದೆ. ಮೂರು ವಾರ ನೆಮ್ಮದಿಯಾಗಿ ಮಲಗಿದೆ. ಆ ಮೂರು ವಾರದ ನಿದ್ದೆಯನ್ನು ನಾನು ಹಳಿಯಲಾರೆ. ಆದರೆ ಅದು ಮೂರು ವಾರದ್ದೆಂದು ಮೊದಲೇ ಯಾರೂ ಹೇಳಲಿಲ್ಲ.

ಸಸ್ತಾಪುರ ಬಂಗ್ಲಾದಲ್ಲಿ ನಿಂತರೆ 65ನೇ ಹೆದ್ದಾರಿ ನಮ್ಮ ರೋಗಿಗಳನ್ನು ಒಂದು ಕಡೆ ಸೋಲಾಪುರಕ್ಕೆ, ಇನ್ನೊಂದು ಕಡೆ ಹೈದರಾಬಾದಿಗೆ ಒಯ್ಯುತ್ತದೆ. ಚುಚ್ಚಿಸಿಕೊಳ್ಳಲು ಒಂದು ದಿನ ಸಾಕು. ಬಂದ ಮೇಲೆ ವಾರ ವಾರವೂ ನಡಿಗೆ, ವ್ಯಾಯಾಮ ಕಲಿಸಿ ತಿದ್ದುವವರು ಮನೆಯ ಹತ್ತಿರವೇ ಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ನಾವು ಒತ್ತಾಯಿಸಬೇಕಾದದ್ದು ಇದನ್ನು.

ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಸೋತರೆ, ನೋವಿನ ಜೊತೆ ಜ್ವರ ಬಂದರೆ ಈ ಲೇಖನವನ್ನು ಬದಿಗಿಟ್ಟು ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಿ.

ಹುಡುಗನಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ನೋವಿನ ಕಾರಣ ಖಚಿತವಾಗಿದೆಯೇ? ಗುಣ ಎಷ್ಟು ದಿನ ಇರುತ್ತದೆ? ಆಗದಿದ್ದರೆ ಮುಂದೇನು? ಮೊನ್ನೆ ಅವನ ಫೋನ್ ಬಂದಿತ್ತು. ಮೊದಲಿನೆರಡಕ್ಕೆ ಏನೋ ಹೇಳಿದರಂತೆ. ಮೂರನೆಯದಕ್ಕೆ ಉತ್ತರವಾಗಿ ದಾಖಲಾಗುವ ತಾರೀಖು ಕೊಟ್ಟರಂತೆ. ಹೊಲದ ಕಾಗದಪತ್ರ ಇನ್ನೂ ಮನೆಯಲ್ಲೇ ಇದೆ.